ಪಿಕಪ್ ಗಾಡಿ: ಬಿಸಿಎಂ (ಲೈಟ್, ವೈಪರ್, ಲಾಕ್ ನೋಡ್ಕೊಳ್ಳೋ ಬಾಡಿ ಕಂಟ್ರೋಲ್ ಮಾಡ್ಯೂಲ್) ಹೋಗಿದೆ ಅಂತಿದ್ದಾರೆ, ಬದಲಾಯಿಸೋ ಮುಂಚೆ ಏನೇನು ನೋಡ್ಬೇಕು?

ನೆಲಮಂಗಲ ಲೋಡಿಂಗ್

ಎಲ್ರಿಗೂ ನಮಸ್ಕಾರ. ಗಾಡಿ ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಬಿಎಸ್4. ಕಂಪನಿ ಹೆಸರು ಬೇಡ. ತೊಂದರೆ ಹೀಗಿದೆ: ಎಡಗಡೆ ಇಂಡಿಕೇಟರ್ ಪಟಪಟ ಅಂತ ಜೋರಾಗಿ ಹೊಡ್ಕೊಳ್ಳತ್ತೆ. ಹಿಂದಿನ ಎಡ ಟೈಲ್ ಲ್ಯಾಂಪ್ ಹತ್ತೋದೇ ಇಲ್ಲ. ಸ್ವಿಚ್ ಮುಟ್ಟದೇ ಇದ್ರೂ ವೈಪರ್ ಒಂದು ಸಲ ಬೀಸಿ ನಿಲ್ಲತ್ತೆ. ಸೆಂಟರ್ ಲಾಕ್ ತನ್ನಷ್ಟಕ್ಕೆ ಟಕ್ ಟಕ್ ಅನ್ನತ್ತೆ. ಎರಡು ದಿನ ನಿಲ್ಲಿಸಿದ್ರೆ ಬ್ಯಾಟರಿ ಡೌನ್.

ಸ್ಕ್ಯಾನರ್ ಹಾಕಿದಾಗ ಇಂಜಿನ್‌ನಲ್ಲೂ ಮೀಟರ್‌ನಲ್ಲೂ ಯು0140 ಅನ್ನೋ ದೋಷದ ಕೋಡ್ ಬಂದಿದೆ, ಬಿಸಿಎಂ ಒಳಗೆ ಎಡ ಟೈಲ್ ಲ್ಯಾಂಪ್ ಶಾರ್ಟ್ ಅಂತ ಒಂದು ಕೋಡ್. ಹಿಂದೆ ಎಲ್‌ಇಡಿ ಲ್ಯಾಂಪ್ ಹಾಕಿದೆ, ಡಾಲಾ (ಲೋಡ್ ಹಾಕೋ ತೊಟ್ಟಿ) ಪಕ್ಕದ ಸೈಡ್ ಮಾರ್ಕರ್ ಲೈಟ್‌ಗಳಿಗೆ ಟೈಲ್ ಲ್ಯಾಂಪ್ ವೈರಿಂದಲೇ ಲೈನ್ ಎಳೆದಿದೆ. ಗ್ಯಾರೇಜ್‌ನವರು ಬಿಸಿಎಂ ಬದಲಾಯಿಸ್ಬೇಕು, ಪ್ರೋಗ್ರಾಮಿಂಗ್ ಬೇರೆ ಚಾರ್ಜ್ ಅಂತಿದ್ದಾರೆ. ಒಪ್ಕೊಳ್ಳೋ ಮುಂಚೆ ಏನು ಚೆಕ್ ಮಾಡ್ಬೇಕು?

ಟೆಸ್ಟ್‌ಲ್ಯಾಂಪ್ 21

ಸಾರ್, ಯು0140 ಗಾಡಿಯೊಳಗಿನ ಬೇರೆ ಕಂಪ್ಯೂಟರ್ ಡಬ್ಬಿಗಳು, ಅಂದ್ರೆ ಮಾಡ್ಯೂಲ್‌ಗಳು ಬರೆಯೋ ದೂರು: ಬಿಸಿಎಂ ಕಡೆಯಿಂದ ಸುದ್ದಿ ಬರ್ತಿಲ್ಲ ಅಂತ. ಕರೆಂಟ್ ಇಲ್ಲ, ಅರ್ಥ್ ಇಲ್ಲ, ಲೈನ್ ಕಟ್ಟಾಗಿದೆ, ಇಲ್ಲಾ ಮಾಡ್ಯೂಲ್ ಸತ್ತಿದೆ. ನಾಲ್ಕರಲ್ಲಿ ಯಾವುದಾದ್ರೂ ಇರಬಹುದು. ಕೊನೇದನ್ನ ಕೊನೇಲೇ ನೋಡಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡೀಲಿ 12.6 ವೋಲ್ಟ್ ಇದ್ರೆ ಫುಲ್, 12.2 ಇದ್ರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಮಾಡ್ಯೂಲ್‌ಗಳು ರೀಸೆಟ್ ಆಗಿ ಬೇಕಾಬಿಟ್ಟಿ ಕೋಡ್ ಬರೀತವೆ, ಆ ಕೋಡ್‌ಗಳನ್ನ ನಂಬ್ಬೇಡಿ.

ಆಮೇಲೆ ಫೀಡ್, ಅಂದ್ರೆ ಬಿಸಿಎಂಗೆ ಕರೆಂಟ್ ತರೋ ವೈರ್. ಬಿಸಿಎಂಗೆ ಒಂದೇ ಫ್ಯೂಸ್ ಇರಲ್ಲ. ಲೈಟಿಗೊಂದು, ಲಾಕಿಗೊಂದು, ಅದರ ತಲೆಗೆ ಅಂದ್ರೆ ಲಾಜಿಕ್ಕಿಗೊಂದು ಅಂತ ನಾಲ್ಕೈದು ಇರ್ತವೆ. ಫ್ಯೂಸ್ ಕಣ್ಣಿಗೆ ಚೆನ್ನಾಗಿದೆ ಅಂತ ಬಿಡ್ಬೇಡಿ, ಅದರ ತಲೆ ಮೇಲೆ ಎರಡೂ ಬದಿ ಕಾಣೋ ಲೋಹದ ಚುಕ್ಕೀಲಿ ಟೆಸ್ಟ್‌ಲ್ಯಾಂಪ್ ಹಿಡೀರಿ. ಕಪ್ಲರ್ (ವೈರುಗಳ ಪ್ಲಗ್) ಬಿಚ್ಚಿ ಬರೀ ಮಲ್ಟಿಮೀಟರ್ ಇಟ್ರೆ ಮೋಸ ಹೋಗ್ತೀರ: ವೈರ್ ಒಳಗೆ ಒಂದೇ ಎಳೆ ಉಳಿದಿದ್ರೂ ಮೀಟರ್ 12.5 ತೋರಿಸತ್ತೆ. 21 ವ್ಯಾಟ್ ಬಲ್ಬ್ ಒಂದನ್ನ ಆ ಫೀಡ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ಹಚ್ಚಿ. ಅದು ಸುಮಾರು 1.75 ಆಂಪ್ ಎಳೆಯತ್ತೆ. ಪೂರ್ತಿ ಬೆಳಕು ಬಂದ್ರೆ ಫೀಡ್ ಸರಿ, ಮಂಕಾದ್ರೆ ದಾರೀಲೆಲ್ಲೋ ಜಾಯಿಂಟ್ ಹೋಗಿದೆ. ಬಲ್ಬ್ ಚುಚ್ಚುವಾಗ ಪಿನ್ನಿನ ಬಾಯಿ ಅಗಲ ಆಗ್ಬಾರ್ದು, ತೆಳ್ಳಗಿನ ಟರ್ಮಿನಲ್ ಉಪಯೋಗಿಸಿ. ಹಿಂಗೆ ಹಿಗ್ಗಿದ ಪಿನ್ನೇ ನಾಳೆ ಹೊಸ ಕಂಪ್ಲೇಂಟ್.

ಅರ್ಥ್ ನೋಡೋದು ಹೀಗೆ: ಕಪ್ಲರ್ ಹಾಕಿರುವಾಗಲೇ ಹಿಂದುಗಡೆಯಿಂದ ಅರ್ಥ್ ವೈರಿಗೆ ಕೆಂಪು ಪ್ರೋಬ್, ಕಪ್ಪು ಪ್ರೋಬ್ ಸೀದಾ ಬ್ಯಾಟರಿ ನೆಗೆಟಿವ್ ಕಂಬಕ್ಕೆ. ಹೆಡ್‌ಲೈಟ್, ಬ್ಲೋಯರ್, ಹಜಾರ್ಡ್ ಎಲ್ಲಾ ಆನ್ ಮಾಡಿ. 0.1 ವೋಲ್ಟ್ ಒಳಗೆ ಇರ್ಬೇಕು. ಓಮ್ಸ್‌ನಲ್ಲಿ ಅರ್ಥ್ ನೋಡೋದು ದಂಡ, ಲೋಡ್ ಇಲ್ದೆ ಎಲ್ಲಾ ಅರ್ಥೂ ಒಳ್ಳೇದೇ.

ಕ್ಯಾನ್ ಹೈ ಕ್ಯಾನ್ ಲೋ

ಮೇಲಿನವರು ಹೇಳಿದ್ದು ಮುಗಿದ ಮೇಲೆ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡೋ ಎರಡು ವೈರಿನ ನೆಟ್‌ವರ್ಕ್ ನೋಡಿ. ಬ್ಯಾಟರಿ ನೆಗೆಟಿವ್ ತೆಗೆದು, ಐದು ನಿಮಿಷ ಬಿಟ್ಟು, ಓಬಿಡಿ (ಸ್ಕ್ಯಾನರ್ ಚುಚ್ಚೋ) ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ಸ್ ನೋಡಿ. 60 ಆಸುಪಾಸು ಇದ್ರೆ ಎರಡೂ ತುದಿಯ 120 ಓಮ್ ರೆಸಿಸ್ಟರ್ ಸೇರಿವೆ ಅಂತ ಅರ್ಥ. 120 ಬಂದ್ರೆ ಒಂದು ತುದಿ ಕಳಚಿದೆ. ನಾಲ್ಕೈದು ಓಮ್ ಬಂದ್ರೆ ಎರಡು ವೈರ್ ಒಂದಕ್ಕೊಂದು ತಾಗಿವೆ.

ಬ್ಯಾಟರಿ ಹಾಕಿ ಇಗ್ನಿಷನ್ ಆನ್ ಮಾಡಿದಾಗ 6ನೇ ಪಿನ್ನಿನಲ್ಲಿ ಎರಡೂವರೆ ವೋಲ್ಟಿಗಿಂತ ಸ್ವಲ್ಪ ಮೇಲೆ, 14ರಲ್ಲಿ ಸ್ವಲ್ಪ ಕೆಳಗೆ ತೋರಿಸ್ಬೇಕು. ಮಲ್ಟಿಮೀಟರ್ ಸರಾಸರಿ ತೋರಿಸೋದ್ರಿಂದ ಹಾಗೆ. ಇಲ್ಲಿ ಯಾವ ಕಾರಣಕ್ಕೂ ಬಲ್ಬಿನ ಟೆಸ್ಟ್‌ಲ್ಯಾಂಪ್ ಹಿಡೀಬೇಡಿ.

ಇನ್ನೊಂದು, 60 ಓಮ್ ಬಂತು ಅಂದ್ಮಾತ್ರಕ್ಕೆ ಬಿಸಿಎಂಗೆ ಲೈನ್ ಹೋಗ್ತಿದೆ ಅಂತ ಹೇಳಕ್ಕಾಗಲ್ಲ. ಬಿಸಿಎಂ ಮಧ್ಯದ ಕವಲಿನಲ್ಲಿದ್ರೆ ಅದರ ಎರಡು ವೈರ್ ಕಟ್ಟಾಗಿದ್ರೂ ಸಾಕೆಟ್‌ನಲ್ಲಿ 60 ಬಂದೇ ಬರತ್ತೆ. ಬಿಸಿಎಂ ಕಪ್ಲರ್ ಬಿಚ್ಚಿ ಅಲ್ಲೂ ಅಳೀರಿ. ಬಿಸಿಎಂ ಒಳಗೇ ಒಂದು ತುದಿ ಇರೋ ಗಾಡಿಯಾದ್ರೆ ಅಲ್ಲಿ 120 ಬರೋದು ಸರಿ. ಸರ್ಕ್ಯೂಟ್ ಡಯಾಗ್ರಾಂ ಇಲ್ದೆ ಈ ಕೆಲಸಕ್ಕೆ ಕೈ ಹಾಕ್ಬೇಡಿ. ಅಗ್ಗದ ಬ್ಲೂಟೂತ್ ಓಬಿಡಿ ಡಬ್ಬಿಗಳು ಹೆಚ್ಚಾಗಿ ಇಂಜಿನ್ ಕೋಡ್ ಅಷ್ಟೇ ಓದ್ತವೆ, ಬಿಸಿಎಂ ಕಾಣಿಸ್ಲಿಲ್ಲ ಅಂದ್ರೆ ಅದು ಡಬ್ಬಿಯ ಮಿತಿಯೂ ಇರಬಹುದು.

ಗುಜರಿ ಗಿರಾಕಿ

ಇಷ್ಟೆಲ್ಲಾ ಯಾಕೆ ಗುರು? ಶಿವಾಜಿನಗರದಲ್ಲಿ ಬಿಚ್ಚಿದ ಗಾಡೀದು ಅದೇ ಮಾಡೆಲ್ ಬಿಸಿಎಂ ಸಿಗತ್ತೆ. ಹಾಕಿ ನೋಡು, ಸರಿ ಹೋದ್ರೆ ಇಟ್ಕೋ, ಇಲ್ಲಾಂದ್ರೆ ವಾಪಸ್ ಕೊಡು.

ಕ್ಯಾನ್ ಹೈ ಕ್ಯಾನ್ ಲೋ

‘ಹಾಕಿ ನೋಡು’ ಅನ್ನೋದೇ ಇಲ್ಲಿ ಅಪಾಯ. ಕೆಲವು ಬಿಸಿಎಂಗಳು ಮೊದಲ ಸಲ ಇಗ್ನಿಷನ್ ಆನ್ ಆದಾಗಲೇ ಚಾಸಿ ನಂಬರ್ ಬರ್ಕೊಂಡು ಲಾಕ್ ಆಗ್ತವೆ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ದೆ ಇಂಜಿನ್ ಓಡದ ಹಾಗೆ ತಡೆಯೋ ವ್ಯವಸ್ಥೆ) ಬಿಸಿಎಂ ಒಳಗಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ, ತಳ್ಕೊಂಡು ಹೋಗ್ಬೇಕು. ಪಾರ್ಟ್ ನಂಬರ್ ಪೂರ್ತಿ ಹೊಂದ್ಬೇಕು, ಕೊನೆಯ ಅಕ್ಷರ ಸಮೇತ. ಆ ಒಂದು ಅಕ್ಷರದಲ್ಲೇ ಆಟೋ ಹೆಡ್‌ಲ್ಯಾಂಪ್ ಇದೆಯೋ ಇಲ್ವೋ, ನಾಲ್ಕು ಪವರ್ ವಿಂಡೋನೋ ಎರಡೋ ಅನ್ನೋದು ಅಡಗಿರತ್ತೆ.

2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಎಷ್ಟು ಗಾಡಿ ಮುಳುಗಿದ್ವು ನೆನಪಿದೆ ತಾನೆ? ಸೆಕೆಂಡ್ ಹ್ಯಾಂಡ್ ತಗೊಂಡ್ರೂ ನೀರು ಕುಡಿದಿದೆಯಾ ಅಂತ ನೋಡಿಯೇ ತಗೋಬೇಕು. ಡಬ್ಬಿ ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ, ಸ್ಕ್ರೂ ತಲೇಲಿ ತುಕ್ಕು, ಲೇಬಲ್ ಅಂಚು ಎದ್ದಿರೋದು, ಕಪ್ಲರ್ ಪಿನ್ ಬುಡದಲ್ಲಿ ಬಿಳೀ ಪುಡಿ. ಒಂದು ಕಂಡ್ರೂ ಅಲ್ಲೇ ಇಟ್ಟು ಬನ್ನಿ.

ನೆಲಮಂಗಲ ಲೋಡಿಂಗ್

ಅಳತೆ ತಂದಿದ್ದೀನಿ. ಬ್ಯಾಟರಿ 12.4. ಓಬಿಡಿ 61 ಓಮ್, ಬಿಸಿಎಂ ಕಪ್ಲರ್‌ನಲ್ಲೂ 61. ಫೀಡ್‌ಗಳಲ್ಲಿ ಬಲ್ಬ್ ಚೆನ್ನಾಗಿ ಹತ್ತತ್ತೆ. ಅರ್ಥ್ ಡ್ರಾಪ್ ಮಾತ್ರ ಬ್ಲೋಯರ್ ನಾಲ್ಕಕ್ಕೆ ಇಟ್ಟಾಗ 0.6 ವೋಲ್ಟ್. ಎಡ ಕಿಕ್ ಪ್ಯಾನೆಲ್ (ಕಾಲಿನ ಪಕ್ಕದ ಮುಚ್ಚಳ) ಬಿಚ್ಚಿದ್ರೆ ಅರ್ಥ್ ಬೋಲ್ಟ್ ಮೇಲೆ ಹಸಿರು ಕಿಲುಬು, ಕೆಳಗಿನ ಮ್ಯಾಟ್ ಅಡಿ ಫೋಮ್ ಒದ್ದೆ.

ಟೆಸ್ಟ್‌ಲ್ಯಾಂಪ್ 21

ಅಲ್ಲಿಗೆ ಅರ್ಧ ಕೇಸ್ ಮುಗೀತು. ವೈಪರ್ ತಾನಾಗೇ ಬೀಸೋದಕ್ಕೆ ಕಾರಣ ಇಲ್ಲೇ ಇರೋ ಸಾಧ್ಯತೆ ಹೆಚ್ಚು. ಬಹಳ ಗಾಡಿಗಳಲ್ಲಿ ವೈಪರ್ ಸ್ವಿಚ್ ಒಳಗೆ ಬೇರೆ ಬೇರೆ ಬೆಲೆಯ ರೆಸಿಸ್ಟರ್ ಇರ್ತವೆ, ಬಿಸಿಎಂ ಬರೀ ವೋಲ್ಟೇಜ್ ಓದಿ ಇದು ಸ್ಲೋ, ಇದು ಫಾಸ್ಟ್ ಅಂತ ತೀರ್ಮಾನ ಮಾಡತ್ತೆ. ಅರ್ಥ್ 0.6 ಮೇಲೆದ್ರೆ ಲೆಕ್ಕ ತಪ್ಪತ್ತೆ. ಬ್ಲೋಯರ್ ಅರ್ಥೂ ಅದೇ ಬೋಲ್ಟಿಗೆ ಬಂದಿರೋದ್ರಿಂದ ಬ್ಲೋಯರ್ ಜೋರು ಮಾಡಿದಾಗ ಹೆಚ್ಚಾಗತ್ತೆ.

ಬೋಲ್ಟ್ ಬಿಚ್ಚಿ, ರಿಂಗ್ ಟರ್ಮಿನಲ್ ಎರಡೂ ಮುಖ ಮತ್ತು ಬಾಡಿ ತಗಡನ್ನ 120 ನಂಬರ್ ಮರಳು ಕಾಗದದಲ್ಲಿ ಲೋಹ ಮಿನುಗೋವರೆಗೆ ಉಜ್ಜಿ. ಹಲ್ಲಿರೋ ವಾಷರ್ ಹಾಕಿ ಬಿಗಿ ಮಾಡಿ. ಪೆಟ್ರೋಲಿಯಂ ಜೆಲ್ಲಿ ಬಿಗಿ ಮಾಡಿದ ಮೇಲೆ, ಹೊರಗಡೆ ಮಾತ್ರ. ಕಿಲುಬು ವೈರ್ ಒಳಗೆ ಹತ್ತಿದ್ರೆ, ಅಂದ್ರೆ ಸಿಪ್ಪೆ ಸುಲಿದಾಗ ತಾಮ್ರ ಕಪ್ಪಗಿದ್ರೆ, ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸಿ ಹೊಸ ರಿಂಗ್ ಕ್ರಿಂಪ್ ಮಾಡಿ.

ನೀರು ಎಲ್ಲಿಂದ ಅನ್ನೋದು ಇನ್ನೂ ಮುಖ್ಯ. ಮಳೆ ಇಲ್ದೇ ಇದ್ರೂ ಎಸಿ ಹಾಕಿದ ದಿನ ಒದ್ದೆ ಆದ್ರೆ ಎಸಿ ಡ್ರೈನ್ ಪೈಪ್ ಕಟ್ಟಿದೆ. ಮಳೆ ಬಂದಾಗ ಮಾತ್ರ ಆದ್ರೆ ಮುಂದಿನ ಗಾಜಿನ ಬುಡದ ಜಾಲರಿ ನೋಡಿ. ಹೊಂಗೆ ಮರದ ಕೆಳಗೆ ನಿಲ್ಲಿಸೋ ಗಾಡೀಲಿ ಅದರ ಹೂವೆಲ್ಲಾ ಅಲ್ಲಿ ಸೇರಿ ಗೊಬ್ಬರ ಆಗಿರತ್ತೆ, ನೀರು ಹೊರಗೆ ಹೋಗೋ ತೂತು ಮುಚ್ಚಿ ಒಳಗೆ ತುಳುಕತ್ತೆ. ಗಾಜು ಬದಲಾಯಿಸಿದ್ರೆ ಅಂಟಿನ ಗೆರೆ ಎಲ್ಲೋ ಬಿಟ್ಟಿರಬಹುದು. ಒಬ್ರು ಮಗ್‌ನಲ್ಲಿ ನಿಧಾನಕ್ಕೆ ನೀರು ಹಾಕ್ತಾ ಇರಿ, ಇನ್ನೊಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಮಲಗಿ. ಪ್ರೆಷರ್ ವಾಷರ್ ಬೇಡ, ಅದರಲ್ಲಿ ಸೋರದ ಜಾಗವೂ ಸೋರತ್ತೆ.

ಬೆಸುಗೆ ಕಡ್ಡಿ

ಫೋಮ್ ಒದ್ದೆ ಅಂದ್ರೆ ಬಿಸಿಎಂ ಒಳಗೂ ನೀರು ಹೋಗಿದೆಯಾ ನೋಡ್ಬೇಕು. ಬ್ಯಾಟರಿ ತೆಗೆದು, ಡಬ್ಬಿ ಬಿಚ್ಚಿ, ಬೋರ್ಡ್ ಕಪ್ಲರ್ ಕಡೆಯ ಅಂಚನ್ನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ನೀರು ವೈರ್ ಹಿಡ್ಕೊಂಡೇ ಇಳಿಯತ್ತೆ, ಅದಕ್ಕೇ ಪಿನ್ ಬುಡದಲ್ಲಿ ಮೊದಲು ಹಸಿರು ಕಾಣೋದು. 99% ಐಸೋಪ್ರೊಪೈಲ್ ಆಲ್ಕೋಹಾಲ್ ಎಸ್‌ಪಿ ರೋಡ್‌ನಲ್ಲಿ ಸಿಗತ್ತೆ. ಮೆತ್ತನೆ ಬ್ರಷ್‌ನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೀಟ್ ಗನ್ ಬೇಡ, ಡಬ್ಬಿ ಸೊಟ್ಟಗಾಗತ್ತೆ. ಪೆಟ್ರೋಲ್, ಥಿನ್ನರ್ ಅಂತೂ ಬೋರ್ಡ್ ಹತ್ರ ಸುಳೀಬಾರ್ದು.

ರಿಲೇ ಅಂಟಿಕೊಂಡಿದ್ರೆ, ಒಂದು ಡ್ರೈವರ್ ಚಿಪ್ ಸುಟ್ಟಿದ್ರೆ ಅಷ್ಟನ್ನೇ ಬದಲಾಯಿಸಬಹುದು. ಚಿಪ್ ಮೇಲೆ ಸಣ್ಣ ಗುಳಿ ಬಿದ್ದಿರತ್ತೆ, ಸುತ್ತ ಬೋರ್ಡ್ ಕಂದು ಬಣ್ಣ ತಿರುಗಿರತ್ತೆ. ಬೋರ್ಡಿನ ಪದರಗಳ ಒಳಗಿನ ತಾಮ್ರದ ದಾರಿ ಸುಟ್ಟಿದ್ರೆ ಮಾತ್ರ ರಿಪೇರಿಗೆ ಕೈ ಹಾಕದೇ ಇರೋದು ವಾಸಿ.

ನೆಲಮಂಗಲ ಲೋಡಿಂಗ್

ಅರ್ಥ್ ಸರಿ ಮಾಡಿದ ಮೇಲೆ ಡ್ರಾಪ್ 0.04. ವೈಪರ್ ನಿಂತಿದೆ, ಲಾಕ್ ಸದ್ದು ಇಲ್ಲ, ಯು0140 ಅಳಿಸಿದ ಮೇಲೆ ವಾಪಸ್ ಬಂದಿಲ್ಲ. ಜಾಲರಿ ಕ್ಲೀನ್ ಆಯ್ತು. ಟೈಲ್ ಲ್ಯಾಂಪ್ ವೈರ್ ಸ್ಟೆಪ್ನಿ ಮೇಲಿನ ಚಾಸಿ ಕ್ರಾಸ್ ಮೆಂಬರ್‌ಗೆ ಉಜ್ಜಿ ತಾಮ್ರ ಹೊರಗೆ ಬಂದಿತ್ತು. ಅದನ್ನ ಟೇಪ್ ಸುತ್ತಿದ್ದೀನಿ. ಆದ್ರೂ ಎಡ ಟೈಲ್ ಹತ್ತುತ್ತಿಲ್ಲ. ಬ್ಯಾಟರಿ ಡ್ರೈನ್ ಇನ್ನೂ ಇದೆ.

ಟೆಸ್ಟ್‌ಲ್ಯಾಂಪ್ 21

ಟೇಪ್ ಬಿಚ್ಚಿ ಮೊದಲು. ಚಾಸಿ ಕೆಳಗೆ ಕೆಸರು ನೀರಿಗೆ ಟೇಪ್ ಒಂದು ಮಳೆಗಾಲವೂ ತಡೆಯಲ್ಲ. ಕ್ರಿಂಪ್ ಸ್ಲೀವ್, ಮೇಲೆ ಅಂಟಿರೋ ಹೀಟ್ ಶ್ರಿಂಕ್, ಅದರ ಮೇಲೆ ಸುಕ್ಕು ಪೈಪ್, ಉಜ್ಜೋ ಜಾಗದಿಂದ ದೂರ ಕ್ಲಿಪ್.

ಈ ಶಾರ್ಟ್ ಇರುವಾಗ ಹೊಸ ಬಿಸಿಎಂ ಹಾಕಿದ್ದಿದ್ರೆ ಅದೂ ಹೋಗ್ತಿತ್ತು. ಒಳಗಿನ ಡ್ರೈವರ್ ಚಿಪ್ ಶಾರ್ಟ್ ಕಂಡ್ರೆ ತಾನಾಗೇ ಆಫ್ ಆಗತ್ತೆ, ಆದ್ರೆ ಪ್ರತೀ ಸಲ ಲೈಟ್ ಹಾಕಿದಾಗ ಮತ್ತೆ ಪ್ರಯತ್ನ ಮಾಡತ್ತೆ. ತಿಂಗಳುಗಟ್ಟಲೆ ಹಾಗೆ ಕಾದು ಕಾದು ಕೊನೆಗೊಂದು ದಿನ ಸಾಯತ್ತೆ.

ಈಗ ಮಾಡ್ಯೂಲ್ ಪರೀಕ್ಷೆ: ಹಿಂದಿನ ಲ್ಯಾಂಪ್ ಲೈನನ್ನ ಬಿಸಿಎಂ ಕಪ್ಲರ್ ಪಿನ್ನಿಂದ ಬಿಡಿಸಿ, ಮಾಡ್ಯೂಲ್ ಪಿನ್ನಿಗೆ 5 ವ್ಯಾಟ್ ಬಲ್ಬ್ ಕಟ್ಟಿ, ಸ್ಕ್ಯಾನರ್‌ನ ಆಕ್ಟಿವ್ ಟೆಸ್ಟ್‌ನಲ್ಲಿ ಎಡ ಟೈಲ್ ಆನ್ ಮಾಡಿ. ಮೊದಲು ಕೋಡ್ ಅಳಿಸಿರ್ಬೇಕು, ಇಲ್ಲಾಂದ್ರೆ ಹಳೇ ಶಾರ್ಟ್ ನೆನಪಲ್ಲಿ ಬಿಸಿಎಂ ಔಟ್‌ಪುಟ್ ಕೊಡದೇ ಇರಬಹುದು. ಬಲಗಡೆ ಪಿನ್ನಲ್ಲಿ ಅದೇ ಬಲ್ಬ್ ಹತ್ತಿ ಎಡಗಡೇಲಿ ಹತ್ತದೇ ಇದ್ರೆ ಆಗ ಧೈರ್ಯವಾಗಿ ಬಿಸಿಎಂ ಹೋಗಿದೆ ಅನ್ನಿ.

ಯಶವಂತಪುರ ಯಾರ್ಡ್

ಡ್ರೈನ್ ಬಗ್ಗೆ: ಕ್ಯಾಬಿನ್ ಡೋರ್ ಲ್ಯಾಚನ್ನ ಸ್ಕ್ರೂಡ್ರೈವರ್‌ನಲ್ಲಿ ಮುಚ್ಚಿದ ಹಾಗೆ ಮಾಡಿ, ಬಾನೆಟ್ ತೆಗೆದಿಟ್ಟು, ಕೀ ದೂರ ಇಟ್ಟು 30–40 ನಿಮಿಷ ಕಾಯಿರಿ. ಮಾಡ್ಯೂಲ್‌ಗಳು ನಿದ್ದೆಗೆ ಹೋದ ಮೇಲೆ ಬ್ಯಾಟರಿಯಿಂದ ಹರಿಯೋ ಕರೆಂಟ್ 50 ಮಿಲಿ ಆಂಪ್ ಒಳಗೆ ಇರ್ಬೇಕು. ಅರ್ಧ ಆಂಪ್ ಇದ್ರೆ ಎರಡು ದಿನಕ್ಕೆ 24 ಆಂಪ್ ಅವರ್, 70ರ ಬ್ಯಾಟರಿಯ ಮೂರನೇ ಒಂದು ಭಾಗ. ಹಳೇ ಬ್ಯಾಟರಿ ಆದ್ರೆ ಸೆಲ್ಫ್ ಎತ್ತಲ್ಲ.

ಫ್ಯೂಸ್ ಒಂದೊಂದೇ ಕೀಳಬೇಡಿ, ಕಿತ್ತು ಹಾಕಿದ ಕೂಡ್ಲೇ ಮಾಡ್ಯೂಲ್ ಎದ್ದು ಕೂರತ್ತೆ. ಫ್ಯೂಸ್ ಎರಡು ಚುಕ್ಕಿ ನಡುವೆ ಮಿಲಿ ವೋಲ್ಟ್ ನೋಡಿ. ಸೊನ್ನೆ ಬಿಟ್ಟು ಬೇರೆ ಏನೇ ತೋರಿಸಿದ್ರೂ ಅಲ್ಲಿ ಕರೆಂಟ್ ಹರೀತಿದೆ.

ನೆಲಮಂಗಲ ಲೋಡಿಂಗ್

ಬಲಗಡೆ ಹತ್ತಿತು, ಎಡಗಡೆ ಸೊನ್ನೆ. ಬೋರ್ಡ್ ಬಿಚ್ಚಿ ನೋಡಿದಾಗ ಚಿಪ್ ಅಡಿ ಸುಟ್ಟು ಪದರ ಬಿಟ್ಟಿದೆ. ಡ್ರೈನ್ 0.42 ಆಂಪ್ ಇತ್ತು, ಬಿಸಿಎಂ ಕಪ್ಲರ್ ತೆಗೆದ್ರೆ 0.03. ಹಾಗಾಗಿ ಹೊಸ ಮಾಡ್ಯೂಲ್. ಅಮೆರಿಕದ ಜಿಎಂ ಕಂಪನಿಯ ಸಿಲ್ವರಾಡೋ ಪಿಕಪ್ ವಿಡಿಯೋ ಒಂದರಲ್ಲಿ ಸ್ಕ್ಯಾನರ್ ಇಲ್ದೆ ಕೀ ಆನ್ ಮಾಡಿ 30 ನಿಮಿಷ ಬಿಟ್ರೆ ಪ್ರೋಗ್ರಾಮಿಂಗ್ ಆಯ್ತು ಅಂತಾನೆ. ನಮಗೂ ನಡೆಯತ್ತಾ?

ಕ್ಯಾನ್ ಹೈ ಕ್ಯಾನ್ ಲೋ

ನಡೆಯಲ್ಲ. ಅದು ಜಿಎಂ ಕಂಪನಿಯ ಹಳೇ ಕಳ್ಳತನ ತಡೆ ವ್ಯವಸ್ಥೆ. ಕೀ ಆನ್, ಸೆಕ್ಯುರಿಟಿ ಲ್ಯಾಂಪ್ ಆರೋವರೆಗೆ ಹತ್ತು ನಿಮಿಷ, ಹೀಗೆ ಮೂರು ಸಲ. ಅಲ್ಲೂ ಅದು ಕಳ್ಳತನ ತಡೆಯ ಗುರುತನ್ನಷ್ಟೇ ಕಲಿಸತ್ತೆ, ಗಾಡೀಲಿ ಏನೇನಿದೆ ಅನ್ನೋ ಕಾನ್ಫಿಗರೇಷನ್ ಬೇರೆ ಬರೀಬೇಕು. ಫೋರ್ಡ್ ಗಾಡಿಗಳಲ್ಲಿ ಕಾರ್ಖಾನೆಯ ಕಾನ್ಫಿಗರೇಷನ್ನಿಗೆ ಆಸ್-ಬಿಲ್ಟ್ ಡೇಟಾ ಅಂತ ಇದೆ, ಬಿಸಿಎಂ ಬ್ಲಾಕ್‌ಗಳು 726 ನಂಬರಿಂದ ಶುರು. ಇಲ್ಲಿ ಓಡೋ ಎಂಡೆವರ್‌ಗಳಲ್ಲಿ ಫೋರ್‌ಸ್ಕ್ಯಾನ್ ಅನ್ನೋ ಸಾಫ್ಟ್‌ವೇರ್ ಹಾಕಿ ಅದನ್ನ ಓದಬಹುದು. ಒಂದು ಕಂಪನಿಯ ವಿಧಾನ ಇನ್ನೊಂದಕ್ಕೆ ಹಚ್ಚೋಕೆ ಹೋಗ್ಬೇಡಿ.

ನಿಮ್ಮ ಹಳೇ ಬಿಸಿಎಂ ಇನ್ನೂ ಮಾತಾಡ್ತಿದೆ, ಅದೇ ನಿಮ್ಮ ಪುಣ್ಯ. ಬಿಚ್ಚೋ ಮುಂಚೆ ಅದರ ಕಾನ್ಫಿಗರೇಷನ್ ಓದಿ ಸೇವ್ ಮಾಡಿಸಿ, ಎಲ್ಲಾ ಮಾಡ್ಯೂಲ್‌ಗಳ ಕೋಡ್ ರಿಪೋರ್ಟ್ ತೆಗೆದಿಟ್ಕೊಳ್ಳಿ. ಎರಡೂ ಕೀ ಕೈಯಲ್ಲಿರಲಿ. ಡ್ರೈವರ್ ಗಾಜು ಇಳಿಸಿಡಿ, ಮಧ್ಯದಲ್ಲಿ ಲಾಕ್ ಆದ್ರೆ ಕೀ ಒಳಗೇ ಉಳಿಯತ್ತೆ.

ನೆಗೆಟಿವ್ 10 ಎಂಎಂ ಸ್ಪ್ಯಾನರ್‌ನಲ್ಲಿ ತೆಗೆದು ಕನಿಷ್ಠ ಐದು ನಿಮಿಷ. ಹಳದಿ ಕಪ್ಲರ್ ಏರ್‌ಬ್ಯಾಗ್‌ದು, ಮುಟ್ಟಬೇಡಿ. ಪ್ರತೀ ಕಪ್ಲರ್ ಫೋಟೋ ತೆಗೀರಿ. ಲಿವರ್ ಇರೋ ಕಪ್ಲರ್‌ನ ಲಿವರ್ ಪೂರ್ತಿ ತಿರುಗಿಸಿದ್ರೆ ತಾನೇ ಎದ್ದು ಬರತ್ತೆ, ವೈರ್ ಹಿಡಿದು ಎಳೀಬೇಡಿ. ಹೊಸದನ್ನ ಕೂರಿಸುವಾಗ ವೈರುಗಳು ಕೆಳಗಿನಿಂದ ಬಾಗಿ ಮೇಲೆ ಬರೋ ಹಾಗಿರಲಿ, ಮುಂದೆ ನೀರು ಸೋರಿದ್ರೂ ಆ ಬಾಗಿನಲ್ಲೇ ತೊಟ್ಟಿಕ್ಕತ್ತೆ.

ಪ್ರೋಗ್ರಾಮಿಂಗ್ ಹೊತ್ತಲ್ಲಿ ಬ್ಯಾಟರಿಗೆ ಸಪೋರ್ಟ್ ಇರಲೇಬೇಕು: ಸುಮಾರು 13.5 ವೋಲ್ಟ್ ಸ್ಥಿರವಾಗಿ ಕೊಡೋ ಸಪ್ಲೈ, 20–30 ಆಂಪ್ ತಾಕತ್ತಿನದು. ಗ್ಯಾರೇಜ್‌ನ ಹಳೇ ಬೂಸ್ಟ್ ಚಾರ್ಜರ್ ಬೇಡ, ಅದರ ಔಟ್‌ಪುಟ್ ಏರಿಳಿತ ಜಾಸ್ತಿ. ಸಪ್ಲೈ ಇಲ್ದೇ ಇದ್ರೆ ಚೆನ್ನಾಗಿ ಚಾರ್ಜ್ ಆದ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನ ಜಂಪರ್ ಕೇಬಲ್‌ನಲ್ಲಿ ಸಮಾನಾಂತರ ಹಚ್ಚಿ. ಬ್ಲೋಯರ್, ಮ್ಯೂಸಿಕ್, ಫೋನ್ ಚಾರ್ಜಿಂಗ್ ಎಲ್ಲಾ ಬಂದ್. ಅರ್ಧದಲ್ಲಿ ವೋಲ್ಟೇಜ್ ಬಿದ್ರೆ ಹೊಸ ಮಾಡ್ಯೂಲ್ ಅಲ್ಲೇ ಸತ್ತು ಕಲ್ಲಾಗತ್ತೆ.

ಹೆಚ್ಚಿನ ಗಾಡೀಲಿ ಕ್ರಮ ಇದು: ಮೊದಲು ಚಾಸಿ ನಂಬರ್ ಮತ್ತು ಕಾನ್ಫಿಗರೇಷನ್, ಆಮೇಲೆ ಇಮ್ಮೊಬಿಲೈಸರ್ ಜೋಡಣೆ, ಕೀ, ರಿಮೋಟ್, ಕೊನೆಗೆ ಪವರ್ ವಿಂಡೋ ಮೇಲೆ ಕೆಳಗೆ ಕಲಿಸೋದು. ಕಾನ್ಫಿಗರೇಷನ್ ಬಿಟ್ಟು ಕೀ ಮೊದಲು ಮಾಡಿದ್ರೆ ಕೆಲವು ಗಾಡೀಲಿ ಮತ್ತೆ ಮೊದಲಿಂದ.

ಬೆಸುಗೆ ಕಡ್ಡಿ

ಸೆಕೆಂಡ್ ಹ್ಯಾಂಡ್ ಹಾಕೋರು ಇದ್ರೆ: ಹಳೇದರ ಮೆಮೊರಿ ಚಿಪ್ ಓದಿ ಅದೇ ಹಾರ್ಡ್‌ವೇರ್ ನಂಬರಿನ ಬೋರ್ಡಿಗೆ ಬರೆಯೋ ದಾರಿ ಇದೆ. ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇದ್ರೆ ಮಾತ್ರ ಬರೀರಿ. ಸೆಕೆಂಡ್ ಹ್ಯಾಂಡ್ ಬೋರ್ಡಿನ ಮೂಲ ಫೈಲನ್ನೂ ಇಟ್ಕೊಳ್ಳಿ. ಎಷ್ಟೋ ಗಾಡೀಲಿ ಮಾಹಿತಿ ಬೇರೆ ಚಿಪ್‌ನಲ್ಲಿರಲ್ಲ, ಪ್ರೊಸೆಸರ್ ಒಳಗೇ ಇರತ್ತೆ. ಆಗ ಎಂಟು ಕಾಲಿನ ಚಿಪ್ ಕ್ಲಿಪ್ ಹಾಕಿ ಏನೂ ಪ್ರಯೋಜನ ಇಲ್ಲ. ಕೆಲವದರಲ್ಲಿ ಓಡಿದ ಕಿಲೋಮೀಟರ್ ಕೂಡ ಬಿಸಿಎಂನಲ್ಲಿ ಇರತ್ತೆ, ಮೀಟರ್ ಜೊತೆ ಹೊಂದದೇ ಇದ್ರೆ ಗಾಡಿ ಮಾರುವಾಗ ಪ್ರಶ್ನೆ ಬರತ್ತೆ.

ಗುಜರಿ ಗಿರಾಕಿ

ಸರಿಯಪ್ಪಾ, ಒಪ್ಪಿದೆ. ಆದ್ರೆ ಆ ಸೈಡ್ ಮಾರ್ಕರ್ ಲೈಟ್ ಏನ್ ಮಾಡ್ಬೇಕು? ತೆಗೆದು ಬಿಸಾಡೋದಾ?

ಟೆಸ್ಟ್‌ಲ್ಯಾಂಪ್ 21

ತೆಗೀಬೇಕಾಗಿಲ್ಲ. ಬ್ಯಾಟರಿಯಿಂದ 10 ಆಂಪ್ ಫ್ಯೂಸ್, ಅಲ್ಲಿಂದ ರಿಲೇ, ರಿಲೇಯಿಂದ ಮಾರ್ಕರ್. ಬಿಸಿಎಂನ ಟೈಲ್ ವೈರ್ ರಿಲೇ ಕಾಯಿಲಿಗೆ ಮಾತ್ರ. ಕಾಯಿಲ್ ಎಳೆಯೋದು ಹೆಚ್ಚಂದ್ರೆ 0.2 ಆಂಪ್. ಒಳಗೆ ಡಯೋಡ್ ಅಥವಾ ರೆಸಿಸ್ಟರ್ ಇರೋ ರಿಲೇಯೇ ತಗೊಳ್ಳಿ, ಕಾಯಿಲ್ ಆಫ್ ಆಗುವಾಗ ಬರೋ ಸ್ಪೈಕ್ ಡ್ರೈವರ್ ಚಿಪ್ಪಿಗೆ ಹೊಡೀಬಾರ್ದು. ಕೆಲವು ಬಿಸಿಎಂ ಟೈಲ್ ಲೈನನ್ನ ಕ್ಷಣಕ್ಷಣಕ್ಕೂ ಆನ್ ಆಫ್ ಮಾಡಿ ಬೆಳಕು ಹೊಂದಿಸ್ತವೆ, ಅಲ್ಲಿ ರಿಲೇ ಝುಂಯ್ ಅನ್ನತ್ತೆ. ಆಗ ಪಾರ್ಕಿಂಗ್ ಲೈಟ್ ಸ್ವಿಚ್ಚಿನ ಬೇರೆ ಲೈನ್ ಹುಡುಕಬೇಕು.

ಇಂಡಿಕೇಟರ್ ಪಟಪಟ ಅನ್ನೋದು ಎಲ್‌ಇಡಿಯ ಕೆಲಸ. 21 ವ್ಯಾಟ್ ಎಳೆಯೋ ಜಾಗದಲ್ಲಿ ಮೂರ್ನಾಲ್ಕು ವ್ಯಾಟ್ ಕಂಡ್ರೆ ಬಲ್ಬ್ ಹೋಗಿದೆ ಅಂತ ಬಿಸಿಎಂ ತಿಳ್ಕೊಳ್ಳತ್ತೆ. ಹೊಸದು ಹಾಕಿದ್ರೂ ಅದು ಹೋಗಲ್ಲ. 6 ಓಮ್, 50 ವ್ಯಾಟ್ ರೆಸಿಸ್ಟರ್ ಸಮಾನಾಂತರ ಹಾಕ್ತಾರೆ, ಅದು 24 ವ್ಯಾಟ್ ಬಿಸಿ ಉಗುಳತ್ತೆ, ಲೋಹದ ಮೇಲೇ ಕೂರಿಸ್ಬೇಕು, ಪ್ಲಾಸ್ಟಿಕ್ ಹತ್ರ ಬೇಡ. ನನ್ನ ಕೇಳಿದ್ರೆ ಇಂಡಿಕೇಟರ್‌ಗೆ ಮಾಮೂಲಿ ಬಲ್ಬೇ ವಾಪಸ್ ಹಾಕೋದು ಸರಿ.

ನೆಲಮಂಗಲ ಲೋಡಿಂಗ್

ಹೊಸ ಬಿಸಿಎಂ ಕೂತಿದೆ, ಕಾನ್ಫಿಗರೇಷನ್ ಬರೆದಾಯ್ತು, ಗಾಡಿ ಸ್ಟಾರ್ಟ್ ಆಗತ್ತೆ, ಎಡ ಟೈಲ್ ಹತ್ತಿದೆ, ಡ್ರೈನ್ 0.03. ಒಂದು ಕೀ ಕೆಲಸ ಮಾಡತ್ತೆ, ಎರಡನೇ ಕೀ ತಿರುಗಿಸಿದ್ರೆ ಸೆಲ್ಫ್ ಹೊಡೆದು ಎರಡು ಸೆಕೆಂಡಿಗೆ ಇಂಜಿನ್ ಆಫ್, ಮೀಟರ್‌ನಲ್ಲಿ ಕೀ ಲ್ಯಾಂಪ್ ಮಿಣುಕತ್ತೆ. ಅದರ ರಿಮೋಟ್ ಮಾತ್ರ ಲಾಕ್ ಅನ್‌ಲಾಕ್ ಎರಡೂ ಮಾಡತ್ತೆ.

ಕ್ಯಾನ್ ಹೈ ಕ್ಯಾನ್ ಲೋ

ರಿಮೋಟ್ ಬೇರೆ, ಕೀ ತಲೆಯೊಳಗಿನ ಚಿಪ್ ಬೇರೆ. ರಿಮೋಟ್ ಕಲಿಸಿದ್ದಾರೆ, ಚಿಪ್ ಕಲಿಸಿಲ್ಲ. ಕೀ ಕಲಿಸೋ ಸೆಷನ್ ಶುರು ಆದ ಕೂಡ್ಲೇ ಬಹಳ ಗಾಡೀಲಿ ಹಳೇ ಕೀ ಎಲ್ಲಾ ಅಳಿಸಿ ಹೋಗ್ತವೆ, ಅದಕ್ಕೇ ಎರಡೂ ಕೀ ಕೈಯಲ್ಲಿರಲಿ ಅಂದಿದ್ದು. ಮತ್ತೆ ಸೆಷನ್ ತೆರೆಸಿ, ಎರಡನ್ನೂ ಒಂದರ ಹಿಂದೆ ಒಂದು ಹಾಕಿಸಿ. ಒಂದನ್ನ ಕಲಿಸುವಾಗ ಇನ್ನೊಂದನ್ನ ಅದೇ ಗೊಂಚಲಲ್ಲಿ ನೇತುಹಾಕ್ಬೇಡಿ, ಇಗ್ನಿಷನ್ ಸುತ್ತಿನ ಆಂಟೆನಾ ಎರಡು ಚಿಪ್ಪನ್ನೂ ಒಟ್ಟಿಗೆ ಓದಿ ಗೊಂದಲ ಆಗತ್ತೆ. ಮುಗಿದ ಮೇಲೆ ಮೀಟರ್‌ನಲ್ಲಿ ಅಥವಾ ಸ್ಕ್ಯಾನರ್‌ನಲ್ಲಿ ಕೀ ಸಂಖ್ಯೆ 2 ಅಂತ ತೋರಿಸ್ಬೇಕು, ನೋಡ್ಕೊಂಡೇ ದುಡ್ಡು ಕೊಡಿ.